ಹೋಗುವುದಾದರೂ ಎದುರಾಳಿ ತಂಡಕ್ಕೇ ಯಾಕೆ?

ಕಾಲೇಜು ಫುಟ್‌ಬಾಲ್ ಆಟಗಾರನೊಬ್ಬ ತಂಡ ಬಿಡುತ್ತಾನಂತೆ ಎಂಬ ಸುದ್ದಿ ಬಂದರೆ ಅಮೆರಿಕದ ಅಭಿಮಾನಿಗಳು ಮೊದಲು ಕೇಳುವುದು "ಎಲ್ಲಿಗೆ?" ಅಂತ. ಯಾಕೆ ಅನ್ನುವುದು ಆಮೇಲಿನ ಮಾತು. ದೂರದ ಯಾವುದೋ ರಾಜ್ಯಕ್ಕೆ ಹೋದರೆ ಬೇಜಾರಾಗುತ್ತದೆ, ನಾಲ್ಕು ದಿನದಲ್ಲಿ ಮರೆತೂ ಹೋಗುತ್ತದೆ. ಬದ್ಧ ಎದುರಾಳಿಯ ಹೆಸರು ಕೇಳಿಬಂತೋ, ಆ ಸಂಕಟವೇ ಬೇರೆ. ಟೆನೆಸ್ಸಿ ಬಿಟ್ಟು ಅಲಬಾಮಾಗೆ, ಫ್ಲಾರಿಡಾ ಬಿಟ್ಟು ಜಾರ್ಜಿಯಾಗೆ, ಮಿಶಿಗನ್ ಬಿಟ್ಟು ಒಹಾಯೊ ಸ್ಟೇಟ್‌ಗೆ. ಮೂರೂ ನಿಜವಾಗಿ ನಡೆದಿವೆ. ಮೂರರಲ್ಲೂ ಬಿಟ್ಟುಹೋದ ಊರಿನ ಜನ ವರ್ಷಗಟ್ಟಲೆ ಆ ನೋವನ್ನು ಇಟ್ಟುಕೊಂಡಿದ್ದಾರೆ.

ಈ ಆಟ ನೋಡದವರಿಗೆ ಎರಡು ಮಾತು. ಇದು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಚೆಂಡನ್ನು ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಆಡುವವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಹದಿನೆಂಟರಿಂದ ಇಪ್ಪತ್ತಮೂರರ ಹುಡುಗರು. ಆದರೆ ನೋಡುವ ಜನ ಎಷ್ಟು ಅಂತೀರಿ? ಟೆನೆಸ್ಸಿ ತಂಡದ ಊರು ನಾಕ್ಸ್‌ವಿಲ್‌ನ ನೇಲ್ಯಾಂಡ್ ಸ್ಟೇಡಿಯಂನಲ್ಲಿ 1,01,915 ಸೀಟುಗಳಿವೆ. ಆ್ಯನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂನಲ್ಲಿ 1,07,601. ಇಂಥ ಎಷ್ಟೋ ಊರುಗಳಲ್ಲಿ ವೃತ್ತಿಪರ ತಂಡವೇ ಇಲ್ಲ. ಕಾಲೇಜು ತಂಡವೇ ಊರಿನ ತಂಡ. ನನ್ನ ಸಹೋದ್ಯೋಗಿಯೊಬ್ಬರು ನಾಕ್ಸ್‌ವಿಲ್ ಕಡೆಯವರು. ಅವರ ತಾತ ಹಿಡಿದಿದ್ದ ಸೀಟುಗಳಲ್ಲೇ ಇವತ್ತಿಗೂ ಆ ಮನೆಯವರು ಕೂರುತ್ತಾರೆ. ಅಂಥ ಮನೆಯಲ್ಲಿ "ಅವನು ಅಲಬಾಮಾಗೆ ಹೋದ" ಅಂದರೆ ಅದು ಬರೀ ಕ್ರೀಡಾಸುದ್ದಿ ಆಗಿರುವುದಿಲ್ಲ. ಹಾಗಾಗಿ ಅವರ ಸಿಟ್ಟನ್ನು ನಾನು ಹಗುರವಾಗಿ ನೋಡಲಾರೆ.

ಆದರೂ ಈ ಊಹಾಪೋಹಗಳನ್ನು ಕೆಲವು ವರ್ಷಗಳಿಂದ ಗಮನಿಸಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿ ಅನಿಸಿದೆ. ಒಬ್ಬ ಆಟಗಾರ ತಂಡ ಬಿಟ್ಟರೆ ಎದುರಾಳಿ ತಂಡಕ್ಕೆ ಹೋಗುವುದು ತುಂಬಾ ಸಹಜ. ಅದೇ ಹೊತ್ತಿಗೆ, ಎದುರಾಳಿಯ ಹೆಸರೇ ಅತಿ ಸುಲಭವಾಗಿ ಹರಡುವ ಸುಳ್ಳು ಸುದ್ದಿ ಕೂಡ. ಎರಡೂ ಒಟ್ಟಿಗೆ ನಿಜ. ಇದು ಹೇಗೆ ಸಾಧ್ಯ ಅಂತ ತಿಳಿಯಬೇಕಾದರೆ ನಿಯಮ ಹೇಗೆ ಬದಲಾಯಿತು ಅನ್ನುವುದರಿಂದ ಶುರು ಮಾಡಬೇಕು.

ನಮ್ಮ ರಣಜಿ ಆಟಗಾರರು ಬೇರೆ ರಾಜ್ಯಕ್ಕೆ ಆಡಬೇಕಾದರೆ ರಾಜ್ಯ ಸಂಸ್ಥೆಯಿಂದ ಎನ್‌ಒಸಿ ಪಡೆಯಬೇಕು. ಕರುಣ್ ನಾಯರ್ 2023ರಲ್ಲಿ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋದದ್ದು ಹಾಗೇ. ಅಮೆರಿಕದ ಕಾಲೇಜುಗಳಲ್ಲೂ ಮೊದಲು ಹೆಚ್ಚುಕಡಿಮೆ ಇಂಥದ್ದೇ ಪದ್ಧತಿ ಇತ್ತು, ಇನ್ನೂ ಬಿಗಿಯಾಗಿತ್ತು. ಬೇರೆ ಕಾಲೇಜಿನ ಕೋಚ್ ಜೊತೆ ಮಾತಾಡಿ ಸ್ಕಾಲರ್‌ಶಿಪ್ ಪಡೆಯಬೇಕಾದರೆ ಹಳೆಯ ಕಾಲೇಜು ಒಪ್ಪಬೇಕಿತ್ತು. "ಇಂತಿಂಥ ಕಡೆ ಮಾತ್ರ ಹೋಗಬೇಡ" ಅಂತ ಕೋಚ್ ಪಟ್ಟಿ ಕೊಡಬಹುದಿತ್ತು. ಆ ಪಟ್ಟಿಗಳಲ್ಲಿ ಎದುರಾಳಿ ತಂಡಗಳ ಹೆಸರು ತಪ್ಪುತ್ತಿರಲಿಲ್ಲ. 2016ರಲ್ಲಿ ಅಲಬಾಮಾದ ಮಾರಿಸ್ ಸ್ಮಿತ್ ಡಿಗ್ರಿ ಮುಗಿಸಿ ಜಾರ್ಜಿಯಾಗೆ ಹೋಗಲು ಕೇಳಿದಾಗ ಅಲಬಾಮಾ ಮೊದಲು ಒಪ್ಪಲಿಲ್ಲ. ಡಿಗ್ರಿ ಕೈಗೆ ಬಂದಿದೆ, ಓದು ಮುಗಿದಿದೆ, ಆದರೂ ಬಿಡುವುದಿಲ್ಲ! ಸಾಕಷ್ಟು ಗಲಾಟೆಯಾದ ಮೇಲೆ ಬಿಟ್ಟರು. ಇನ್ನು ಡಿಗ್ರಿ ಮುಗಿಸದೆ ಕಾಲೇಜು ಬದಲಿಸಿದವರು ಒಂದು ವರ್ಷ ಆಡದೆ ಸುಮ್ನೆ ಕೂರಬೇಕಿತ್ತು.

2018ರ ಅಕ್ಟೋಬರ್ 15ರಂದು ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಇದು ಬರೀ ಒಂದು ಡೇಟಾಬೇಸ್. ಆಟಗಾರ ತನ್ನ ಕಾಲೇಜಿಗೆ ಲಿಖಿತವಾಗಿ ತಿಳಿಸಿದರೆ ಎರಡು ಕೆಲಸದ ದಿನಗಳೊಳಗೆ ಅವನ ಹೆಸರನ್ನು ಅದರಲ್ಲಿ ಹಾಕಬೇಕು. ಆಮೇಲೆ ಯಾವ ಕೋಚ್ ಬೇಕಾದರೂ ಅವನನ್ನು ಸಂಪರ್ಕಿಸಬಹುದು. ಅನುಮತಿ ಕೇಳುವ ಕೆಲಸವೇ ಇಲ್ಲ. 2021ರ ಏಪ್ರಿಲ್‌ನಲ್ಲಿ ಮೊದಲ ವರ್ಗಾವಣೆಗೆ ಒಂದು ವರ್ಷ ಕೂರುವ ಶಿಕ್ಷೆಯನ್ನು ತೆಗೆದರು. 2024ರ ಏಪ್ರಿಲ್‌ನಲ್ಲಿ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯಿತು. ನಡುವೆ 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಯಲು ಅವಕಾಶ ಸಿಕ್ಕಿತು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುತ್ತಿವೆ. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಕ್ರೀಡೆಗಳಿಗೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್, ಅಂದರೆ ಹತ್ತಿರಹತ್ತಿರ 175 ಕೋಟಿ ರೂಪಾಯಿ. ಫುಟ್‌ಬಾಲ್ ದೊಡ್ಡದಾಗಿರುವ ಕಾಲೇಜುಗಳಲ್ಲಿ ಅದರ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಏಳು ವರ್ಷಗಳಲ್ಲಿ ಇಷ್ಟೆಲ್ಲ ಬದಲಾಗಿದೆ. ಅಭಿಮಾನಿಯ ಮನಸ್ಸು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ, ಅಲ್ವಾ?

ಹೆನ್ರಿ ತೊಒತೊಒ ಎಂಬ ಲೈನ್‌ಬ್ಯಾಕರ್ (ರಕ್ಷಣಾ ವಿಭಾಗದ ಆಟಗಾರ) ಕಥೆ ಈ ಬದಲಾವಣೆಯ ಸರಿ ನಡುವೆ ನಡೆದದ್ದು. ಕ್ಯಾಲಿಫೋರ್ನಿಯಾದ ಹುಡುಗ. ಟೆನೆಸ್ಸಿಯಲ್ಲಿ ಎರಡು ವರ್ಷ ಚೆನ್ನಾಗಿ ಆಡಿದರು. 2021ರ ಜನವರಿಯಲ್ಲಿ ಅಲ್ಲಿನ ಮುಖ್ಯ ಕೋಚ್ ಜೆರೆಮಿ ಪ್ರುಯಿಟ್ ಅವರನ್ನು ನಿಯಮ ಉಲ್ಲಂಘನೆಯ ಆರೋಪದ ಮೇಲೆ ತೆಗೆದುಹಾಕಿದರು. ಆಟಗಾರರು ಸಾಲುಸಾಲಾಗಿ ಹೊರಡತೊಡಗಿದರು. ತೊಒತೊಒ ಕೂಡ ಪೋರ್ಟಲ್‌ನಲ್ಲಿ ಹೆಸರು ಹಾಕಿಸಿದರು. ಅಲಬಾಮಾಗೆ ಹೋಗುತ್ತಾರೆ ಅಂತ ಆಗಲೇ ಗುಸುಗುಸು ಶುರುವಾಯಿತು. ಆದರೆ ಒಂದು ತೊಡಕಿತ್ತು. ಎರಡೂ ಕಾಲೇಜುಗಳು ಎಸ್‌ಇಸಿ ಎಂಬ ಒಂದೇ ಒಕ್ಕೂಟದಲ್ಲಿವೆ. ಆ ಒಕ್ಕೂಟದೊಳಗೇ ತಂಡ ಬದಲಿಸಿದರೆ ತಕ್ಷಣ ಆಡುವಂತಿಲ್ಲ ಅನ್ನುವ ಒಳನಿಯಮ ಇನ್ನೂ ಉಳಿದಿತ್ತು. ಹಾಗಾಗಿ ತಿಂಗಳುಗಟ್ಟಲೆ ಊಹೆ ನಡೆಯಿತು. ಜೂನ್ ಮೊದಲ ವಾರ ಎಸ್‌ಇಸಿ ಆ ನಿಯಮ ತೆಗೆಯಿತು. ತೊಒತೊಒ ಅಲಬಾಮಾ ಸೇರಿದರು.

ಟೆನೆಸ್ಸಿಯವರಿಗೆ ಅದು ಎಷ್ಟು ನಾಟಿತು ಅನ್ನುವುದಕ್ಕೆ ಹಿನ್ನೆಲೆ ಬೇಕು. ಈ ಎರಡು ತಂಡಗಳು ಮೊದಲು ಆಡಿದ್ದು 1901ರಲ್ಲಿ. ಅಕ್ಟೋಬರ್ ಮೂರನೇ ಶನಿವಾರದ ಪಂದ್ಯ ಅಂತಲೇ ಹೆಸರು. ಗೆದ್ದವರು ಡ್ರೆಸ್ಸಿಂಗ್ ರೂಮಿನಲ್ಲಿ ಸಿಗಾರ್ ಹಚ್ಚುತ್ತಾರೆ. 2007ರಿಂದ ಒಂದು ವರ್ಷವೂ ಬಿಡದೆ ಅಲಬಾಮಾ ಗೆಲ್ಲುತ್ತಾ ಬಂದಿತ್ತು. 2021ರಲ್ಲಿ ತೊಒತೊಒ ಇದ್ದ ಅಲಬಾಮಾ 52-24ರಿಂದ ಗೆದ್ದಾಗ ಅದು ಸತತ ಹದಿನೈದನೇ ಸೋಲು. ಸೋತು ಸೋತು ಸುಸ್ತಾದ ಮನೆಯ ಹುಡುಗನೇ ಗೆಲ್ಲುವವರ ಮನೆಗೆ ಹೋದರೆ ಹೇಗಾಗಬೇಡ?

ಈಗ ಅದೇ ಘಟನೆಯನ್ನು ಹುಡುಗನ ಕಡೆಯಿಂದ ನೋಡಿ. ತನ್ನನ್ನು ಕರೆತಂದ ಕೋಚ್ ಇಲ್ಲ. ತಂಡಕ್ಕೆ ಏನು ದಂಡ ಬೀಳುತ್ತದೋ ಗೊತ್ತಿಲ್ಲ. ಅಲಬಾಮಾದ ಕೋಚ್‌ಗಳಿಗೆ ಇವರು ಹೊಸಬರಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಇವರನ್ನು ಸೆಳೆಯಲು ಯತ್ನಿಸಿದ್ದರು. ಎರಡು ವರ್ಷ ಎದುರಿಗೇ ನಿಂತು ಇವರ ಆಟ ನೋಡಿದ್ದರು. ಪ್ರತಿ ಪಂದ್ಯಕ್ಕೂ ಮೊದಲು ಎದುರಾಳಿಯ ಒಬ್ಬೊಬ್ಬ ಆಟಗಾರನ ವಿಡಿಯೊವನ್ನು ಕೋಚ್‌ಗಳು ಗಂಟೆಗಟ್ಟಲೆ ನೋಡುತ್ತಾರೆ. ಎಡಕ್ಕೆ ವಾಲುತ್ತಾನಾ, ಬಲಕ್ಕೆ ವಾಲುತ್ತಾನಾ, ದಣಿದಾಗ ಏನು ಮಾಡುತ್ತಾನೆ ಅನ್ನುವುದೆಲ್ಲ ಅವರಿಗೆ ಬಾಯಿಪಾಠ. ಒಬ್ಬ ಆಟಗಾರನ ಬೆಲೆ ಸ್ವಂತ ಕೋಚ್ ಬಿಟ್ಟರೆ ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಅದು ಎದುರಾಳಿ ಕೋಚ್‌ಗೇ.

ಎದುರಾಳಿ ತಂಡಕ್ಕೆ ಹೋಗುವುದು ಸಹಜ ಅಂದದ್ದು ಇದಕ್ಕೇ. ಇನ್ನೂ ಒಂದು ಕಾರಣ ಇದೆ. ಎದುರಾಳಿ ತಂಡಗಳು ಸಾಮಾನ್ಯವಾಗಿ ಅಕ್ಕಪಕ್ಕದ ರಾಜ್ಯಗಳವು. ಒಂದೇ ಹೈಸ್ಕೂಲುಗಳಿಂದ ಹುಡುಗರನ್ನು ಆರಿಸುತ್ತವೆ. ಜಸ್ಟಿನ್ ಬೋರೆನ್ ಮಿಶಿಗನ್‌ನ ಆಟಗಾರ, ಆದರೆ ಬೆಳೆದದ್ದು ಒಹಾಯೊದ ಪಿಕರಿಂಗ್ಟನ್‌ನಲ್ಲಿ. ಒಹಾಯೊ ಸ್ಟೇಟ್ ಇರುವ ಕೊಲಂಬಸ್ ಪಕ್ಕದ ಊರು ಅದು. ಅವರಪ್ಪ ಮೈಕ್ ಬೋರೆನ್ ಸ್ವತಃ ಮಿಶಿಗನ್‌ಗೆ ಆಡಿದ್ದವರು. 2008ರಲ್ಲಿ ಹೊಸ ಕೋಚ್ ರಿಚ್ ರೊಡ್ರಿಗಸ್ ಬಂದ ಕೆಲವೇ ತಿಂಗಳಲ್ಲಿ, ತಂಡದಲ್ಲಿ ಮೊದಲಿದ್ದ ಮನೆಯ ವಾತಾವರಣ ಉಳಿದಿಲ್ಲ ಎಂದು ಹೇಳಿ ಜಸ್ಟಿನ್ ಹೊರಬಂದರು. ಒಂದು ವರ್ಷ ಕೂತು, ಆಮೇಲೆ ಒಹಾಯೊ ಸ್ಟೇಟ್ ಪರ ಆಡಿದರು. ಅವರ ಇಬ್ಬರು ತಮ್ಮಂದಿರು ಝ್ಯಾಕ್ ಮತ್ತು ಜೇಕಬಿ ಕೂಡ ಮುಂದೆ ಅಲ್ಲೇ ಆಡಿದರು. ಮಿಶಿಗನ್ ಕಡೆಯವರು ಅವರನ್ನು ದ್ರೋಹಿ ಅಂದರು. ನನಗೆ ಕಾಣುವುದು ಮಾತ್ರ ಕಷ್ಟದ ಹೊತ್ತಿನಲ್ಲಿ ಮನೆ ಹತ್ತಿರಕ್ಕೆ ಬಂದ ಹುಡುಗ.

ಫ್ಲಾರಿಡಾದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಟ್ರೆವರ್ ಎಟಿಯೆನ್ 2023ರ ಸೀಸನ್ ಮುಗಿದ ಮೇಲೆ ಜಾರ್ಜಿಯಾ ಸೇರಿದ್ದನ್ನೂ ಹೀಗೇ ಓದಬಹುದು. ಫ್ಲಾರಿಡಾ ಆ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಜಾರ್ಜಿಯಾ 2021 ಮತ್ತು 2022ರ ಸೀಸನ್‌ಗಳ ರಾಷ್ಟ್ರೀಯ ಚಾಂಪಿಯನ್. ಒಂದೇ ವರ್ಷ ಅಲ್ಲಿ ಆಡಿದ ಎಟಿಯೆನ್ 2025ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಆಯ್ಕೆಯಾದರು. ರನ್ನಿಂಗ್ ಬ್ಯಾಕ್‌ಗಳ ಮೈ ಬೇಗ ಸವೆಯುತ್ತದೆ, ಆಡುವ ಆಯಸ್ಸು ಕಡಿಮೆ. ಒಂದು ವರ್ಷ ಅವರಿಗೆ ತುಂಬಾ ದೊಡ್ಡದು.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖ ಚೌಕಾಶಿಯದು.

ಈಗ ಆಟಗಾರನಿಗೆ ಏಜೆಂಟ್ ಇರುತ್ತಾನೆ. ಮುಂದಿನ ವರ್ಷದ ಹಣದ ಮಾತುಕತೆ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. ಕಾಲೇಜನ್ನು ಬಗ್ಗಿಸಬೇಕು. ದೂರದ ಯಾವುದೋ ತಂಡ ಕೇಳುತ್ತಿದೆ ಅಂದರೆ "ಹೋಗಲಿ ಬಿಡಿ" ಅನ್ನಬಹುದು. ಎದುರಾಳಿ ಕೇಳುತ್ತಿದ್ದಾನೆ ಅಂದರೆ? ದಾನ ಕೊಡುವ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡತೊಡಗುತ್ತಾರೆ. ಅಭಿಮಾನಿಗಳು ಬೊಬ್ಬೆ ಹಾಕುತ್ತಾರೆ. ಕೋಚ್ ಮೇಲೆ ಒತ್ತಡ ಬೀಳುತ್ತದೆ. ಎಲ್ಲಿ ಒತ್ತಿದರೆ ಜಾಸ್ತಿ ನೋಯುತ್ತದೋ ಅಲ್ಲೇ ಒತ್ತುವುದು ಚೌಕಾಶಿ ಮಾಡುವವನ ಕಸುಬು. ಊಹೆಯನ್ನೇ ಮಾರಿ ಬದುಕುವ ವ್ಯಾಪಾರವೂ ಇದರ ಜೊತೆಗಿದೆ. ಚಂದಾ ಕಟ್ಟಿಸಿಕೊಂಡು, ಯಾವ ಆಟಗಾರ ಎಲ್ಲಿಗೆ ಹೋಗುತ್ತಾನೆ ಅಂತ ಶೇಕಡಾ ಲೆಕ್ಕದಲ್ಲಿ ಭವಿಷ್ಯ ಹೇಳುವ ಕಂಪನಿಗಳಿವೆ. ಎದುರಾಳಿಯ ಹೆಸರು ಹಾಕಿದರೆ ಎರಡೂ ಊರಿನವರು ಓದುತ್ತಾರೆ. ಹಾಗಾಗಿ ಅಂಥ ಸುದ್ದಿಗಳಿಗೆ ಬರವೇ ಇಲ್ಲ.

ನಿಯಮ ಓದಿದರೆ ಎಷ್ಟೋ ಊಹೆಗಳು ನಿಂತಲ್ಲೇ ಬಿದ್ದುಹೋಗುತ್ತವೆ. 2025ರ ಏಪ್ರಿಲ್‌ನಲ್ಲಿ ಟೆನೆಸ್ಸಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವ ಆಟಗಾರ) ನಿಕೊ ಇಯಾಮಲಿಯಾವ ಅಭ್ಯಾಸ ಪಂದ್ಯದ ಹಿಂದಿನ ದಿನ ತರಬೇತಿಗೆ ಬರಲಿಲ್ಲ. ಹಣದ ಮಾತುಕತೆ ಮುರಿದಿದೆ ಅಂತ ವರದಿಯಾಯಿತು. ಮರುದಿನವೇ ಕೋಚ್ ಜಾಶ್ ಹೈಪಲ್, ತಂಡಕ್ಕಿಂತ ಯಾರೂ ದೊಡ್ಡವರಲ್ಲ ಎಂದು ಹೇಳಿ ಅವರಿಲ್ಲದೆ ಮುಂದಕ್ಕೆ ಹೊರಟರು. ಇಂಥ ಸುದ್ದಿ ಬಂದಾಗ ನೆರೆಯ ಎದುರಾಳಿಗಳ ಹೆಸರು ತೇಲಿಬರುವುದು ರೂಢಿ. ಆದರೆ ಎಸ್‌ಇಸಿಯ ತಂಡಗಳ ನಡುವೆ ಏಪ್ರಿಲ್‌ನ ಪೋರ್ಟಲ್ ಅವಧಿಯಲ್ಲಿ ವರ್ಗಾವಣೆ ಆದವರು ಆ ವರ್ಷ ಆಡುವಂತಿರಲಿಲ್ಲ. ಅಷ್ಟು ಗೊತ್ತಿದ್ದರೆ ಸಾಕು, ಅಲಬಾಮಾ, ಜಾರ್ಜಿಯಾ ಎಲ್ಲ ಪಟ್ಟಿಯಿಂದ ಹೊರಗೆ. ಹುಡುಗ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಕಡೆಯವನು. ಕೆಲವೇ ದಿನಗಳಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸೇರಿದರು. ಅರ್ಕನ್ಸಾದಲ್ಲಿದ್ದ ತಮ್ಮ ಮ್ಯಾಡನ್ ಕೂಡ ಅಲ್ಲಿಗೇ ಬಂದ. ಮನೆ ಎಲ್ಲಿದೆ ಅಂತ ನೋಡಿದ್ದರೆ ಉತ್ತರ ಮೊದಲೇ ಅರ್ಧ ಸಿಕ್ಕಿರುತ್ತಿತ್ತು.

ಹಾಗಾದರೆ ಯಾವ ಸುಳಿವನ್ನು ನಂಬಬೇಕು? ಅಭಿಮಾನಿಗಳು ಎಲ್ಲವನ್ನೂ ನೋಡುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ತಂಡದ ಫೋಟೊ ತೆಗೆದನಾ, ಎದುರಾಳಿ ತಂಡದ ಯಾರನ್ನಾದರೂ ಹೊಸದಾಗಿ ಫಾಲೋ ಮಾಡಿದನಾ, ಕೋಚ್‌ನ ಖಾಸಗಿ ವಿಮಾನ ಎಲ್ಲಿ ಇಳಿಯಿತು. ನನ್ನ ಮಟ್ಟಿಗೆ ಇವುಗಳ ತೂಕ ತುಂಬಾ ಕಡಿಮೆ. ಇಪ್ಪತ್ತು ವರ್ಷದ ಹುಡುಗರು ಫೋಟೊ ತೆಗೆಯಲು ನೂರು ಕಾರಣ ಇರುತ್ತವೆ. ಎದುರಾಳಿ ತಂಡದಲ್ಲಿ ಹೈಸ್ಕೂಲಿನ ಗೆಳೆಯರೂ ಇರುತ್ತಾರೆ.

ತೂಕ ಇರುವ ಸುಳಿವುಗಳು ನೋಡಲು ಅಷ್ಟು ಸ್ವಾರಸ್ಯವಾಗಿರುವುದಿಲ್ಲ. ಅವನ ವಿಭಾಗದ ಕೋಚ್ ಇದ್ದಾರಾ, ಹೋದರಾ? ಹೋದರೆ ಎಲ್ಲಿಗೆ? ಅವನ ಜಾಗಕ್ಕೆ ತಂಡ ಪೋರ್ಟಲ್‌ನಿಂದ ಇನ್ನೊಬ್ಬನನ್ನು ತಂದಿದೆಯಾ? ಹೈಸ್ಕೂಲಿನಲ್ಲಿದ್ದಾಗ ಕೊನೆಯವರೆಗೂ ಅವನನ್ನು ಕರೆದವರು ಯಾರು? ಒಪ್ಪಂದ ಯಾವಾಗ ಮುಗಿಯುತ್ತದೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್ ಕೊಡಬೇಕು? ಪೋರ್ಟಲ್‌ನಲ್ಲಿ ಹೆಸರಿನ ಜೊತೆ "ಸಂಪರ್ಕಿಸಬೇಡಿ" ಅನ್ನುವ ಗುರುತು ಇದೆಯಾ? ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆ ಗುರುತು ಇದ್ದರೆ ಹುಡುಗ ಹೆಚ್ಚುಕಡಿಮೆ ತೀರ್ಮಾನ ಮಾಡಿಬಿಟ್ಟಿದ್ದಾನೆ ಅಂತ. ಸಮಯವನ್ನೂ ನೋಡಬೇಕು. ಹೆಸರು ಪೋರ್ಟಲ್‌ಗೆ ಹೋಗುವ ಮೊದಲೇ ಎದುರಾಳಿಯ ಸುದ್ದಿ ಓಡಾಡುತ್ತಿದ್ದರೆ ಅದು ಚೌಕಾಶಿ ಆಗಿರುವ ಸಾಧ್ಯತೆ ಜಾಸ್ತಿ. ಹೆಸರು ಹೋದ ಮೇಲೆ, ಅಪ್ಪ ಅಮ್ಮನ ಜೊತೆ ಆ ಕ್ಯಾಂಪಸ್‌ಗೇ ಹೋಗಿಬಂದ ಅಂತ ಗೊತ್ತಾದರೆ ಆಗ ನಂಬಬಹುದು.

ಪೋರ್ಟಲ್‌ಗೆ ಹೆಸರು ಹಾಕಿಸುವುದೇ ವರ್ಗಾವಣೆ ಅಲ್ಲ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಹೆಸರು ವಾಪಸ್ ತೆಗೆಯಬಹುದು, ಆದರೆ ಹಳೆಯ ಕಾಲೇಜು ಮತ್ತೆ ಸೇರಿಸಿಕೊಳ್ಳಲೇಬೇಕು ಅಂತಿಲ್ಲ. ದೊಡ್ಡ ಕಾಲೇಜುಗಳಿಂದಲೇ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಆಟಗಾರರು ಪೋರ್ಟಲ್ ಸೇರುತ್ತಾರೆ. ಅವರಲ್ಲಿ ಸುದ್ದಿಯಾಗುವವರು ಬೆರಳೆಣಿಕೆಯಷ್ಟು. ಎಷ್ಟೋ ಹುಡುಗರಿಗೆ ಸೀಟೂ ಸಿಗುವುದಿಲ್ಲ, ಇದ್ದ ಸ್ಕಾಲರ್‌ಶಿಪ್ಪೂ ಹೋಗುತ್ತದೆ. ಅವರ ಬಗ್ಗೆ ಯಾರೂ ಊಹೆ ಮಾಡುವುದಿಲ್ಲ. ನನ್ನ ಮನಸ್ಸಿಗೆ ಜಾಸ್ತಿ ನೋವಾಗುವುದು ಅವರ ವಿಷಯದಲ್ಲೇ.

ಕೋಚ್‌ಗಳ ವಿಷಯಕ್ಕೆ ಬರೋಣ. ನಿಕ್ ಸೇಬನ್ 2003ರ ಸೀಸನ್‌ನಲ್ಲಿ ಎಲ್‌ಎಸ್‌ಯುಗೆ (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ನಡುವೆ ಎನ್‌ಎಫ್‌ಎಲ್‌ಗೆ ಹೋಗಿ, 2007ರಲ್ಲಿ ಅದೇ ಒಕ್ಕೂಟದ ಅಲಬಾಮಾಗೆ ಬಂದರು. ಲೇನ್ ಕಿಫಿನ್ 2009ರಲ್ಲಿ ಒಂದೇ ಸೀಸನ್ ಟೆನೆಸ್ಸಿಯಲ್ಲಿದ್ದು ಹೊರಟಾಗ ಅಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. 2021ರಲ್ಲಿ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ಕೋಚ್ ಆಗಿ ನಾಕ್ಸ್‌ವಿಲ್‌ಗೆ ಮರಳಿದಾಗ ಗ್ಯಾಲರಿಯಿಂದ ಅವರತ್ತ ಗಾಲ್ಫ್ ಚೆಂಡು ಬಂತು, ಪಂದ್ಯ ಸುಮಾರು ಇಪ್ಪತ್ತು ನಿಮಿಷ ನಿಂತಿತು. ಅದೇ ಕಿಫಿನ್ 2025ರ ನವೆಂಬರ್ 30ರಂದು, ಓಲ್ ಮಿಸ್ 11 ಗೆಲುವು, ಒಂದೇ ಸೋಲಿನೊಂದಿಗೆ ಪ್ಲೇಆಫ್ ಹೊಸ್ತಿಲಲ್ಲಿ ನಿಂತಿದ್ದಾಗ, ಹಳೆಯ ಎದುರಾಳಿ ಎಲ್‌ಎಸ್‌ಯುಗೆ ಹೊರಟರು. ಪ್ಲೇಆಫ್ ಮುಗಿಯುವವರೆಗೆ ಕೋಚ್ ಆಗಿರಲು ಓಲ್ ಮಿಸ್ ಬಿಡಲಿಲ್ಲ. ಇಂಥದ್ದಾದ ತಕ್ಷಣ ಅಭಿಮಾನಿಗಳು ಆಟಗಾರರತ್ತ ತಿರುಗಿ "ಅವನೂ ಹೋಗುತ್ತಾನಾ?" ಅಂತ ಲೆಕ್ಕ ಹಾಕತೊಡಗುತ್ತಾರೆ. ಕೋಟಿಗಟ್ಟಲೆ ಸಂಬಳದ, ಐವತ್ತು ವರ್ಷದ ಕೋಚ್ ಹೊರಟ ಮೇಲೆ ನಿಷ್ಠೆಯ ಭಾರವನ್ನೆಲ್ಲ ಇಪ್ಪತ್ತರ ಹುಡುಗನ ಹೆಗಲಿಗೆ ಹಾಕುವುದು ನನಗೆ ಸರಿಕಾಣುವುದಿಲ್ಲ.

ಹಾಗಂತ ಆಟಗಾರರು ಯಾವ ಕಟ್ಟುಪಾಡೂ ಇಲ್ಲದೆ ಓಡಾಡಲಿ ಅಂತಲೂ ನಾನು ಹೇಳುತ್ತಿಲ್ಲ. ಹಣ ಪಡೆದು ಸಹಿ ಹಾಕಿದರೆ ಅದಕ್ಕೆ ಬೆಲೆ ಇರಬೇಕು. ಇದು ಈಗಾಗಲೇ ಕೋರ್ಟ್ ಮೆಟ್ಟಿಲು ಹತ್ತಿದೆ. 2024ರ ಡಿಸೆಂಬರ್‌ನಲ್ಲಿ ವಿಸ್ಕಾನ್ಸಿನ್‌ನ ಝೇವಿಯರ್ ಲೂಕಸ್ ಹೊರಡಲು ಕೇಳಿದಾಗ, ಒಪ್ಪಂದ ಇದೆ ಅಂತ ಕಾಲೇಜು ಪೋರ್ಟಲ್‌ನಲ್ಲಿ ಹೆಸರು ಹಾಕಲಿಲ್ಲ. ಅವರು ಪೋರ್ಟಲ್ ಇಲ್ಲದೆಯೇ ಕಾಲೇಜು ಬಿಟ್ಟು ಮಯಾಮಿಯಲ್ಲಿ ವಿದ್ಯಾರ್ಥಿಯಾಗಿ ಸೇರಿಬಿಟ್ಟರು. 2025ರ ಜೂನ್‌ನಲ್ಲಿ ವಿಸ್ಕಾನ್ಸಿನ್ ಕೇಸು ಹಾಕಿತು. ಹುಡುಗನ ಮೇಲಲ್ಲ, ತನ್ನ ಒಪ್ಪಂದದಲ್ಲಿ ಕೈಹಾಕಿತು ಅಂತ ಮಯಾಮಿ ಮೇಲೆ. ಕದ್ದುಮುಚ್ಚಿ ಕರೆಯುವ ದೊಡ್ಡವರನ್ನು ಹಿಡಿಯುವುದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಪೋರ್ಟಲ್‌ಗೆ ಬರುವ ಮೊದಲೇ ಆಟಗಾರನನ್ನು ಸಂಪರ್ಕಿಸುವುದು ನಿಯಮದ ಪ್ರಕಾರ ಮೊದಲಿನಿಂದಲೂ ತಪ್ಪು. ಏಜೆಂಟರ ಮೂಲಕ, ಹಳೆಯ ಹೈಸ್ಕೂಲ್ ಕೋಚ್‌ಗಳ ಮೂಲಕ ಮಾತು ದಾಟುವುದರಿಂದ ಅದನ್ನು ಸಾಬೀತು ಮಾಡುವುದು ಕಷ್ಟ.

2022ರ ಅಕ್ಟೋಬರ್ 15ರಂದು ತೊಒತೊಒ ಅಲಬಾಮಾದ ಜೆರ್ಸಿ ತೊಟ್ಟು ನೇಲ್ಯಾಂಡ್‌ಗೆ ಬಂದರು. ಸ್ಟೇಡಿಯಂ ತುಂಬಿತ್ತು. ಟೆನೆಸ್ಸಿಯ ಜಾಲಿನ್ ಹೈಯಟ್ ಒಬ್ಬರೇ ಐದು ಟಚ್‌ಡೌನ್ (ಕೊನೆಯ ಗೆರೆಯಾಚೆ ಚೆಂಡು ಮುಟ್ಟಿಸಿ ಗಳಿಸುವ ಅಂಕ) ಹಿಡಿದರು. 49-49 ಇದ್ದಾಗ ಚೇಸ್ ಮೆಗ್ರಾ ಒದ್ದ ಚೆಂಡು ಓಲಾಡುತ್ತಾ ಕಂಬಗಳ ನಡುವೆ ದಾಟಿತು, ಗಡಿಯಾರ ಸೊನ್ನೆಗೆ ನಿಂತಿತು. ಸತತ ಹದಿನೈದು ಸೋಲುಗಳ ನಂತರ ಟೆನೆಸ್ಸಿ ಗೆದ್ದಿತ್ತು. ಜನ ಮೈದಾನಕ್ಕೆ ನುಗ್ಗಿ, ಗೋಲ್ ಕಂಬ ಕಿತ್ತು, ಹೊತ್ತುಕೊಂಡು ಹೋಗಿ ಟೆನೆಸ್ಸಿ ನದಿಗೆ ಹಾಕಿದರು. ನನ್ನ ಸಹೋದ್ಯೋಗಿ ಆ ದಿನದ ಬಗ್ಗೆ ಇವತ್ತಿಗೂ ಅರ್ಧ ಗಂಟೆ ಮಾತಾಡಬಲ್ಲರು. ತೊಒತೊಒ ಹೆಸರು ಆ ಮಾತಿನಲ್ಲಿ ಬರುವುದೇ ಇಲ್ಲ. ನಾನು ಒಮ್ಮೆ ಕೇಳಿದಾಗ, "ಹೌದು, ಆವತ್ತು ಅವನೂ ಇದ್ದ ಅಲ್ವಾ" ಅಂದು ಸ್ವಲ್ಪ ಹೊತ್ತು ಸುಮ್ಮನಾದರು.

ವರ್ಷಕ್ಕೆ ಎರಡು ಸಲ ತೆರೆಯುತ್ತಿದ್ದ ಪೋರ್ಟಲ್ ಬಾಗಿಲು 2026ರಿಂದ ಫುಟ್‌ಬಾಲ್ ಆಟಗಾರರಿಗೆ ಒಂದೇ ಸಲ ಅಂತಾಗಿದೆ. ಮೊದಲ ಬಾರಿಯ ಅವಧಿ ಜನವರಿ 2ರಿಂದ 16. ಏಪ್ರಿಲ್‌ನ ಅವಧಿ ರದ್ದು. ಮುಖ್ಯ ಕೋಚ್ ಬದಲಾದ ತಂಡಗಳಿಗೆ 15 ದಿನಗಳ ಬೇರೆ ಅವಧಿ ಉಂಟು. ಆದರೆ ಈ ದಿನಾಂಕಗಳು ಪೋರ್ಟಲ್‌ಗೆ ಹೆಸರು ಹಾಕಿಸುವುದಕ್ಕೆ ಅಷ್ಟೇ. ಒಮ್ಮೆ ಒಳಗೆ ಹೋದವನು ಕಾಲೇಜನ್ನು ಆಮೇಲೆ ನಿಧಾನವಾಗಿಯೂ ಆರಿಸಿಕೊಳ್ಳಬಹುದು. ಹಾಗಾಗಿ 16ರ ರಾತ್ರಿ ಬಾಗಿಲು ಮುಚ್ಚಿದ ಮೇಲೂ ಎರಡೂ ಊರಿನ ಜನ ಫೋನ್ ಹಿಡಿದು ಕಾಯುತ್ತಲೇ ಇರುತ್ತಾರೆ.